ಹುಡುಕದವರ ಲೆಕ್ಕ ಸದಾ ಸೊನ್ನೆ

‘ಈ ವರ್ಷ ಹೊಸ ವಿದೇಶಿ ಪೀಡೆ ಯಾವುದೂ ರಾಜ್ಯಕ್ಕೆ ಬಂದಿಲ್ಲ, ಆದ್ದರಿಂದ ನಮ್ಮ ತಡೆ ಯಶಸ್ವಿ’ ಎಂಬ ತರ್ಕ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ದೂರು ಬರೆದುಕೊಳ್ಳದ ಠಾಣೆಯ ಸರಹದ್ದಿನಲ್ಲಿ ಕಳ್ಳತನವೇ ನಡೆಯುವುದಿಲ್ಲ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಪತ್ತೆಯಾಯಿತು. ಏಷ್ಯಾದಲ್ಲೇ ಅದು ಮೊದಲ ದಾಖಲೆ. ಕಂಡುಹಿಡಿದವರು ಇಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟತಜ್ಞರು. ಬಾಗಿಲು ಕಾಯುವ ಲೆಕ್ಕದಲ್ಲಿ ಇದು ಕರ್ನಾಟಕದ ಸೋಲು, ಕಣ್ಣಿಟ್ಟು ನೋಡುವ ಲೆಕ್ಕದಲ್ಲಿ ಗೆಲುವು. ಸೋಲು-ಗೆಲುವು ಎರಡಕ್ಕೂ ಒಂದೇ ಅಂಕಿ ಸಾಕ್ಷಿಯಾದರೆ ಆ ಅಂಕಿಯಿಂದ ಏನು ಪ್ರಯೋಜನ?

1958ರಲ್ಲಿ ಚಾರ್ಲ್ಸ್ ಎಲ್ಟನ್ ‘ಆಕ್ರಮಣ’ದ ಭಾಷೆಯಲ್ಲಿ ಪುಸ್ತಕ ಬರೆದ ಮೇಲೆ ಪರಕೀಯ ಜೀವಿಗಳ ಪಟ್ಟಿ ಮಾಡುವವರ ಪರಂಪರೆಯೇ ಬೆಳೆದಿದೆ. ಅವರಿಗೊಂದು ನಮಸ್ಕಾರ. ನಿಜವಾಗಿ ಕಾಡುವವರು ಅಮೆರಿಕದ ಪರಿಸರ ವಿಜ್ಞಾನಿ ಮಾರ್ಕ್ ಡೇವಿಸ್. 2011ರಲ್ಲಿ ಅವರು ಹದಿನೆಂಟು ಸಹವಿಜ್ಞಾನಿಗಳೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದ್ದು ಇಷ್ಟು: ಜೀವಿಯ ಹುಟ್ಟೂರು ಕೇಳಬೇಡಿ, ಅದು ಇಲ್ಲಿ ಮಾಡುವ ಒಳಿತು-ಕೆಡುಕು ನೋಡಿ. ಹಾಗಾದರೆ ಸರ್ಕಾರದ ಯಶಸ್ಸನ್ನೂ ಒಳಬಂದ ಜೀವಿಗಳ ಸಂಖ್ಯೆಯಿಂದಲ್ಲ, ಆದ ಹಾನಿಯಿಂದ ಅಳೆಯಬೇಕಾಗುತ್ತದೆ.

ಮೊದಲ ಓದಿಗೆ ಇದು ನ್ಯಾಯವೇ. ಆದರೆ ಹಾನಿ ಯಾವಾಗ ಕಾಣುತ್ತದೆ? ಲಂಟಾನ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರದ ಹೂಗಿಡವಾಗಿ ಭಾರತಕ್ಕೆ ಬಂತು. ಆಗ ಅದರ ಹಾನಿಯ ಖಾತೆ ಖಾಲಿ. ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಪೊದೆಗಳಡಿ ಹುಲ್ಲಿಗೆ ಜಾಗವಿಲ್ಲ. ಡೇವಿಸರ ಅಳತೆಗೋಲು ಕೈಗೆ ಬರುವ ಹೊತ್ತಿಗೆ ತಡೆಯುವ ಕಾಲ ಮುಗಿದಿರುತ್ತದೆ.

ಇಲ್ಲಿಗೆ ವಾದ ಗೆದ್ದೆ ಎಂದುಕೊಂಡಿದ್ದೆ. ನಮ್ಮ ಹೊಲ ಬಿಡಲಿಲ್ಲ. ಶಿಕಾರಿಪುರದ ಕಡೆಯ ಆ ಹೊಲದಲ್ಲಿ ಚಿಕ್ಕಪ್ಪ ಗಿಡದ ಸುಳಿ ಬಿಡಿಸಿ ತೋರಿಸಿದರು: ಸಾಲಾಗಿ ತೂತುಬಿದ್ದ ಎಲೆ, ಒಳಗೆ ಒದ್ದೆ ಹಿಕ್ಕೆ, ಅದರಡಿ ಹುಳು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕದಿಂದ ಬಂದದ್ದು ಎಂದೆ. ‘ಜೋಳಾನೂ ಅಲ್ಲಿಂದ್ಲೇ ಬಂದಿದ್ದು ಅಂತ ನೀನೇ ಹೇಳ್ತಿದ್ಯಲ್ಲೋ, ಮತ್ತೆ ಹುಳ ಬಂದ್ರೆ ಏನಾಶ್ಚರ್ಯ?’ ಎಂದರು.

ಉತ್ತರ ಹೊಳೆಯಲಿಲ್ಲ. ಹುಳು ತನ್ನ ಹಳೆಯ ಊಟವನ್ನೇ ಹುಡುಕಿಕೊಂಡು ಬಂದಿದೆ, ಎಲೆ ಹಾಸಿದವರು ನಾವು. ಜಿಲ್ಲೆ ಜಿಲ್ಲೆಯೇ ಮೆಕ್ಕೆಜೋಳವಾಗದಿದ್ದರೆ ಅದೇ ಹುಳು ಇಷ್ಟು ದೊಡ್ಡ ಪೀಡೆಯಾಗುತ್ತಿತ್ತೇ? ಹುಟ್ಟೂರು ಕೇಳಬೇಡಿ ಎಂಬ ಡೇವಿಸರ ಮಾತಿಗೆ ಇಲ್ಲಿ ತಲೆಬಾಗಲೇಬೇಕು. ಕಾಫಿ, ಮೆಣಸಿನಕಾಯಿ ಹಾಗಿರಲಿ, ನಮ್ಮ ರಾಗಿಯ ಮೂಲವೂ ಆಫ್ರಿಕ. ಮಲೆನಾಡಿನ ಗುಡ್ಡಗಳಲ್ಲಿ ಆಸ್ಟ್ರೇಲಿಯದ ಅಕೇಶಿಯ ಸಾಲು ನೆಟ್ಟದ್ದು ಅರಣ್ಯ ಇಲಾಖೆಯೇ. ಕಾವಲುಗಾರನೇ ಕರೆತಂದ ಅತಿಥಿಗಳನ್ನು ಯಾವ ಖಾತೆಗೆ ಬರೆಯುವುದು?

ಕ್ವಾರಂಟೈನ್ ಕಟ್ಟುನಿಟ್ಟಿಗೆ ಹೆಸರಾದ ಆಸ್ಟ್ರೇಲಿಯಕ್ಕೂ 2020ರಲ್ಲಿ ಈ ಹುಳು ತಲುಪಿತು. ಇದರ ಪತಂಗ ಗಾಳಿಯ ಜೊತೆ ರಾತ್ರೋರಾತ್ರಿ ಬಹುದೂರ ಸಾಗುತ್ತದೆ, ಅದಕ್ಕೆ ಚೆಕ್‌ಪೋಸ್ಟ್ ಲೆಕ್ಕಕ್ಕಿಲ್ಲ. ಹಾಗೆಂದು ಬಂದರು, ವಿಮಾನ ನಿಲ್ದಾಣಗಳ ತಪಾಸಣೆ ಬಿಡೋಣವೇ? ಬೀಜ, ಮಣ್ಣು, ಸಸಿಗಳ ಜೊತೆ ಬರುವವು ಬೇರೆಯೇ ಇವೆ.

ಬಂದ ದಿನಕ್ಕೂ ಪತ್ತೆಯಾದ ದಿನಕ್ಕೂ ಇರುವ ಅಂತರವನ್ನೇ ಅಳೆಯಬೇಕು ಎಂದು ತೀರ್ಮಾನ ಕೊಡುವ ಆಸೆಯಿತ್ತು. ಆದರೆ ಬಂದ ದಿನ ಯಾವ ದಾಖಲೆಯಲ್ಲೂ ಇರುವುದಿಲ್ಲ. ಸದ್ಯಕ್ಕೆ ಓದುಗರು ಇಷ್ಟು ಮಾಡಬಹುದು: ‘ಹೊಸದೇನೂ ಸಿಕ್ಕಿಲ್ಲ’ ಎಂದು ಯಾರಾದರೂ ಹೇಳಿದರೆ, ಎಲ್ಲಿ, ಯಾರು, ಎಷ್ಟು ಸಲ ಹುಡುಕಿದರು ಎಂದು ಕೇಳಿ.