ಮಾಡುವವನು ಮತ್ತು ಮಾಡಿಸುವವನು

ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಹೇಳಿಸಿಕೊಳ್ಳುತ್ತಿದ್ದಾಗ ಕಾರಕಪ್ರಕರಣದ ಒಂದು ವಿಷಯವು ನನಗೆ ಬರಿಯ ಪರಿಭಾಷೆಯಾಗಿ ತೋರಿತ್ತು. ಕೆಲಸವನ್ನು ಮಾಡುವವನು ಕರ್ತೃ. ಅವನಿಂದ ಆ ಕೆಲಸವನ್ನು ಮಾಡಿಸುವವನು ಪ್ರಯೋಜಕಕರ್ತೃ. ಕನ್ನಡದಲ್ಲಾದರೋ ಈ ಭೇದವು ಇನ್ನೂ ಸುಲಭವಾದುದು. ‘ಮಾಡು’ ಎಂಬ ಧಾತುವಿಗೆ ‘ಇಸು’ ಎಂಬ ಎರಡಕ್ಷರದ ಪ್ರತ್ಯಯವನ್ನು ಹಚ್ಚಿದರೆ ‘ಮಾಡಿಸು’ ಎಂದಾಗುತ್ತದೆ. ಮಾತಿನಲ್ಲಿ ಇಷ್ಟು ಅನಾಯಾಸವಾಗಿ ನಡೆಯುವ ಈ ರೂಪಾಂತರವು ಮನುಷ್ಯನ ಬಾಳಿನಲ್ಲಿಯೂ ಅಷ್ಟೇ ಅನಾಯಾಸವಾಗಿ ನಡೆಯುವುದೇ? ಚೆನ್ನಾಗಿ ಮಾಡಬಲ್ಲವನು ಚೆನ್ನಾಗಿ ಮಾಡಿಸಲೂ ಬಲ್ಲನೇ? ಲೋಕವು ಹೌದೆಂದೇ ನಂಬಿ ನಡೆಯುತ್ತಿದೆ. ಒಳ್ಳೆಯ ಉಪಾಧ್ಯಾಯನನ್ನು ಮುಖ್ಯೋಪಾಧ್ಯಾಯನನ್ನಾಗಿಯೂ, ಒಳ್ಳೆಯ ಕಸಬುಗಾರನನ್ನು ಮೇಸ್ತ್ರಿಯನ್ನಾಗಿಯೂ ಮಾಡುವುದು ಎಲ್ಲೆಡೆಯಲ್ಲಿಯೂ ಕಂಡುಬರುವ ವಾಡಿಕೆ. ಈ ನಂಬುಗೆಯು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಇದಕ್ಕಾಗಿ ನಾನು ಆರಿಸಿಕೊಂಡ ಉದಾಹರಣೆಯು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದು ಪುರಾಣದ್ದಲ್ಲ, ರಾಜರ ಚರಿತ್ರೆಯದೂ ಅಲ್ಲ; ಇಂಗ್ಲೆಂಡಿನ ಕಾಲ್ಚೆಂಡಾಟದ್ದು. ನಾನು ಆ ಚೆಂಡನ್ನು ಕಾಲಿನಿಂದ ಮುಟ್ಟಿದವನಲ್ಲ. ಸಂಜೆಯ ಹೊತ್ತು ಶಾಲೆಯ ಬಯಲಿನಲ್ಲಿ ಹುಡುಗರ ಆಟಕ್ಕೆ ಕಾವಲಾಗಿ ಕುಳಿತು ನೋಡಿದುದು ಮತ್ತು ಅಲ್ಲಿಂದ ಹುಟ್ಟಿದ ಕುತೂಹಲದಿಂದ ಓದಿದುದು, ಇಷ್ಟೇ ನನ್ನ ಪರಿಚಯ. ಆದರೆ ಆ ದೇಶದ ಆಟದಲ್ಲಿ ನಮ್ಮ ಪ್ರಶ್ನೆಗೆ ತಕ್ಕ ಒಂದು ಹುದ್ದೆಯುಂಟು. ಆಟಗಾರರನ್ನು ಆರಿಸಿ, ಅಭ್ಯಾಸ ಮಾಡಿಸಿ, ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಪಡಿಸುವವನಿಗೆ ಮ್ಯಾನೇಜರೆಂದು ಹೆಸರು. ಅವನು ಸಾಮಾನ್ಯವಾಗಿ ಗೆರೆಯ ಹೊರಗಿರತಕ್ಕವನು. ಒಮ್ಮೊಮ್ಮೆ ಸಂಘದವರು ವಯಸ್ಸು ಇಳಿಯುತ್ತಿರುವ ಹಿರಿಯ ಆಟಗಾರನಿಗೇ ಆ ಅಧಿಕಾರವನ್ನು ಒಪ್ಪಿಸುವುದುಂಟು. ಆಗ ಅವನು ಆಡಲೂ ಬೇಕು, ಆಡಿಸಲೂ ಬೇಕು. ಕರ್ತೃವೂ ಪ್ರಯೋಜಕನೂ ಒಂದೇ ದೇಹದಲ್ಲಿ ವಾಸಮಾಡುವ ಇಂಥ ಸನ್ನಿವೇಶವು ಬೇರೆ ವೃತ್ತಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಲಾರದು.

ಟಾಮಿ ಲಾಟನ್ ಎಂಬುವನು 1919ರಲ್ಲಿ ಲ್ಯಾಂಕಾಷೈರ್ ಪ್ರಾಂತದ ಫಾರ್ನ್‌ವರ್ತ್‌ನಲ್ಲಿ ಹುಟ್ಟಿದನು. ಎದುರಾಳಿಯ ಗೋಲಿನ ಮುಂದೆ ನಿಂತು ಚೆಂಡನ್ನು ಒಳಕ್ಕೆ ಹೊಡೆಯುವ ‘ಸೆಂಟರ್ ಫಾರ್ವರ್ಡ್’ ಎಂಬ ಸ್ಥಾನವು ಅವನದು. 1936ರಲ್ಲಿ, ಇನ್ನೂ 16 ವರ್ಷದ ಹುಡುಗನಾಗಿರುವಾಗಲೇ, ಬರ್ನ್‌ಲಿ ಸಂಘದ ಪರವಾಗಿ ಆಡಲಾರಂಭಿಸಿದನು. 17 ತುಂಬಿದ ಕೆಲವು ತಿಂಗಳಲ್ಲಿ ಎವರ್ಟನ್ ಸಂಘದವರು 6,500 ಪೌಂಡುಗಳನ್ನು ತೆತ್ತು ಅವನನ್ನು ಕರೆದೊಯ್ದರು. 1938–39ರಲ್ಲಿ ಎವರ್ಟನ್ ಲೀಗಿನ ಪ್ರಥಮಸ್ಥಾನವನ್ನು ಪಡೆದಾಗ ಅವನೊಬ್ಬನೇ 34 ಗೋಲುಗಳನ್ನು ಹೊಡೆದಿದ್ದನು. ಅಷ್ಟರಲ್ಲಿ ಮಹಾಯುದ್ಧವು ಬಂದಿತು. ದೇಹದ ಸತ್ವವು ತುಂಬಿ ನಿಂತಿದ್ದ ಆರೇಳು ವರ್ಷಗಳು ಅದರಲ್ಲಿ ಕಳೆದುವು. 1945ರಲ್ಲಿ ಚೆಲ್ಸಿ, 1947ರಲ್ಲಿ ನಾಟ್ಸ್ ಕೌಂಟಿ, 1952ರಲ್ಲಿ ಬ್ರೆಂಟ್‌ಫರ್ಡ್, 1953ರಲ್ಲಿ ಆರ್ಸೆನಲ್, 1956ರಲ್ಲಿ ಕೆಟರಿಂಗ್ ಟೌನ್, ಹೀಗೆ ಸಂಘದಿಂದ ಸಂಘಕ್ಕೆ ಅವನ ಸಂಚಾರವು ನಡೆಯಿತು. ಇದರ ನಡುವೆ ತನ್ನ ದೇಶಕ್ಕಾಗಿ 23 ಪಂದ್ಯಗಳನ್ನಾಡಿ 22 ಗೋಲುಗಳನ್ನು ಹೊಡೆದನು.

ಇಷ್ಟು ಸಲ ಮನೆ ಬದಲಾಯಿಸಿದವನನ್ನು ಚಂಚಲಚಿತ್ತನೆಂದು ಕರೆಯುವುದು ಸುಲಭ. ನಿಂತಲ್ಲಿ ನಿಲ್ಲದವನ ಸ್ವಭಾವವೂ ಅವನಲ್ಲಿ ಸ್ವಲ್ಪ ಇದ್ದಿರಬೇಕು. ಆದರೂ ಆ ಕಾಲದ ಕಟ್ಟಳೆಯನ್ನು ನೋಡದೆ ತೀರ್ಪು ಹೇಳುವುದು ಧರ್ಮವಲ್ಲ. 1947ರಲ್ಲಿ ನಾಟ್ಸ್ ಕೌಂಟಿಯವರು ಅವನಿಗಾಗಿ ಚೆಲ್ಸಿಗೆ ಕೊಟ್ಟುದು 20,000 ಪೌಂಡು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆದರೆ ಆ ಹಣವು ಸಂಘದಿಂದ ಸಂಘಕ್ಕೆ ಹೋಗತಕ್ಕುದು. ಆಟಗಾರನಿಗೆ ವಾರಕ್ಕೆ 12 ಪೌಂಡಿಗಿಂತ ಹೆಚ್ಚು ಸಂಬಳವನ್ನು ಕೊಡಲಾಗದೆಂದು ಆಗ ಮಿತಿಯಿತ್ತು. ಇಂಥ ಮಿತಿಯು ಪೂರ್ತಿಯಾಗಿ ಹೋದುದು 1961ರಲ್ಲಿ. ತನ್ನ ಕಾಲಿಗೆ ಇತರರು ಕಟ್ಟಿದ ಬೆಲೆಯನ್ನು ಸಂಬಳವಾಗಿ ಗಳಿಸಬೇಕಾದರೆ ಲಾಟನನು 30 ವರ್ಷಕ್ಕೂ ಹೆಚ್ಚು ಆಡಬೇಕಾಗುತ್ತಿತ್ತು. ಯಾವ ಆಟಗಾರನಿಗೂ ಅಷ್ಟು ಆಯುಸ್ಸಿಲ್ಲ. ಮೊದಲನೆಯ ದರ್ಜೆಯ ಸಂಘವನ್ನು ಬಿಟ್ಟು ಮೂರನೆಯ ದರ್ಜೆಗೆ ಅವನು ಇಳಿದುಬಂದುದಕ್ಕೆ ಅಲ್ಲಿ ಮ್ಯಾನೇಜರಾಗಿದ್ದ ಹಳೆಯ ಗೆಳೆಯನ ಸೆಳೆತವೂ, ಆಟ ಮುಗಿದ ಮೇಲೆ ಬದುಕುವುದು ಹೇಗೆಂಬ ಚಿಂತೆಯೂ ಕಾರಣಗಳಾಗಿದ್ದುವು. ಇವು ಅಲ್ಪರ ಕಾರಣಗಳಲ್ಲ.

ಈಗ ಪ್ರಕೃತಕ್ಕೆ ಬರೋಣ. 1953ರ ಜನವರಿಯಲ್ಲಿ ಬ್ರೆಂಟ್‌ಫರ್ಡ್ ಸಂಘದವರು ಲಾಟನನನ್ನು ಆಟಗಾರ–ಮ್ಯಾನೇಜರನನ್ನಾಗಿ ಮಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಅದನ್ನು ಬಿಟ್ಟು, ಬರಿಯ ಆಟಗಾರನಾಗಿ ಆರ್ಸೆನಲ್ಲಿಗೆ ಹೋದನು. ಆಗ ಅವನಿಗೆ 34 ವರ್ಷ ತುಂಬುತ್ತಿತ್ತು. ಆ ವಯಸ್ಸಿನಲ್ಲಿ ಅಧಿಕಾರವನ್ನು ಕೆಳಗಿಟ್ಟು ಆಳಾಗಿ ನಿಲ್ಲಲು ಹೊರಟನೆಂದರೆ, ಆಡಿಸುವ ಭಾರವು ಆಡುವ ಶ್ರಮಕ್ಕಿಂತ ಅವನಿಗೆ ದೊಡ್ಡದಾಗಿ ತೋರಿತೆಂದು ಊಹಿಸಬಹುದು. ಮೂರು ವರ್ಷಗಳ ತರುವಾಯ ಕೆಟರಿಂಗ್ ಎಂಬ ಚಿಕ್ಕ ಊರಿನಲ್ಲಿ ಅದೇ ಜೋಡುಭಾರವನ್ನು ಮತ್ತೆ ಹೊತ್ತನು. ಈ ಸಲ ಅವನ ತಂಡವು 1956–57ರ ಸದರ್ನ್ ಲೀಗಿನಲ್ಲಿ ಪ್ರಥಮಸ್ಥಾನವನ್ನು ಪಡೆಯಿತು. ಆ ಕೀರ್ತಿಯಿಂದ 1957ರಲ್ಲಿ ನಾಟ್ಸ್ ಕೌಂಟಿಯು ಅವನನ್ನು ಮ್ಯಾನೇಜರನನ್ನಾಗಿ ಕರೆಯಿತು. ವರ್ಷವು ತುಂಬುವಷ್ಟರಲ್ಲಿ ಆ ತಂಡವು ಎರಡನೆಯ ದರ್ಜೆಯಿಂದ ಮೂರನೆಯದಕ್ಕೆ ಜಾರಿತು. 1958ರಲ್ಲಿ ಅವನ ಕೆಲಸವೂ ಹೋಯಿತು.

ಇಷ್ಟನ್ನು ಕೇಳಿದವರು, ಮಾಡುವವನು ಮಾಡಿಸಲಾರನೆಂದೇ ಸಿದ್ಧವಾಯಿತಲ್ಲ ಎನ್ನಬಹುದು. ನಾನು ಹಾಗೆನ್ನಲಾರೆ. ಕೆಟರಿಂಗಿನ ಜಯವು ಆ ಸಿದ್ಧಾಂತಕ್ಕೆ ಅಡ್ಡಬರುತ್ತದೆ. ಅದಕ್ಕಿಂತಲೂ ಹೆಚ್ಚಾಗಿ ಅಡ್ಡಬರುವುದು ಎವರ್ಟನ್ನಿನಲ್ಲಿ ನಡೆದ ಒಂದು ಸಂಗತಿ. 17ರ ಹುಡುಗನು ಅಲ್ಲಿಗೆ ಹೋದಾಗ ಡಿಕ್ಸಿ ಡೀನ್ ಎಂಬ ಪ್ರಸಿದ್ಧನು ಆ ಸ್ಥಾನದಲ್ಲಿದ್ದನು. 1927–28ರ ಒಂದೇ ವರ್ಷದ ಲೀಗಿನಲ್ಲಿ 60 ಗೋಲುಗಳನ್ನು ಹೊಡೆದವನು ಅವನು. ವಯಸ್ಸು 30ಕ್ಕೆ ಬಂದಿತ್ತು. ಹುಡುಗನನ್ನು ತಂದಿರುವುದು ತನ್ನ ಸ್ಥಾನಕ್ಕಾಗಿಯೇ ಎಂಬುದು ಅವನಿಗೆ ತಿಳಿಯದ ವಿಷಯವಲ್ಲ. ತಿಳಿದೂ ಅವನು ಹುಡುಗನನ್ನು ಬಳಿಗೆ ಕರೆದು, ತಲೆಯಿಂದ ಚೆಂಡನ್ನು ಹೊಡೆಯುವ ತನ್ನ ವಿದ್ಯೆಯನ್ನು ಅವನಿಗೆ ಅಭ್ಯಾಸ ಮಾಡಿಸಿದನು. 1938ರಲ್ಲಿ ಡೀನನು ಸಂಘವನ್ನು ಬಿಟ್ಟನು. ಮರುವರ್ಷದ ಜಯವು ಹುಡುಗನ ಪಾಲಿಗೆ ಬಂದಿತು. ಡೀನನಿಗೆ ಆಗ ಮ್ಯಾನೇಜರನೆಂಬ ಹೆಸರಿರಲಿಲ್ಲ. ಆದರೆ ಮಾಡಿಸಿದವನು ಅವನೇ. ಹತ್ತು ವರ್ಷಗಳ ಮೇಲೆ ನಾಟ್ಸ್ ಕೌಂಟಿಯಲ್ಲಿ ಲಾಟನನ ಪಕ್ಕದಲ್ಲಿ ಜ್ಯಾಕಿ ಸ್ಯೂವೆಲ್ ಎಂಬ ತರುಣನು ಆಡುತ್ತಿದ್ದನು. 1951ರಲ್ಲಿ ಆ ತರುಣನಿಗೆ 34,500 ಪೌಂಡುಗಳ ಬೆಲೆ ಬಂದು, ಬ್ರಿಟನ್ನಿನಲ್ಲಿ ಅದೇ ಹೊಸ ಎಲ್ಲೆಯಾಯಿತು. ಹಿರಿಯನ ಪಕ್ಕದಲ್ಲಿದ್ದು ಬೆಳೆದವನ ಬೆಳವಣಿಗೆಯಲ್ಲಿ ಹಿರಿಯನ ಪಾಲು ಇಲ್ಲವೆನ್ನುವವರಾರು?

ಹಾಗಾದರೆ ತೊಡಕು ಎಲ್ಲಿದೆ? ಇದನ್ನು ಹೇಳುವುದಕ್ಕೆ ಇಂಗ್ಲೆಂಡನ್ನು ಬಿಟ್ಟು ನನ್ನ ಶಾಲೆಗೆ ಬರಬೇಕಾಗಿದೆ.

ಬಹುವರ್ಷ ಪಾಠ ಹೇಳಿದ ಮೇಲೆ ನನ್ನನ್ನು ಮುಖ್ಯೋಪಾಧ್ಯಾಯನನ್ನಾಗಿ ಮಾಡಿದರು. ಪಾಠವನ್ನು ಚೆನ್ನಾಗಿ ಹೇಳುತ್ತೇನೆಂಬುದೇ ಅದಕ್ಕೆ ಕಾರಣವಾಗಿತ್ತು. ನಾನೂ ಅದನ್ನು ಸಹಜವೆಂದೇ ತಿಳಿದಿದ್ದೆನು. ಹೊಸದಾಗಿ ಬಂದ ಒಬ್ಬ ತರುಣ ಉಪಾಧ್ಯಾಯರು ಒಂದು ದಿನ ಸಮಾಸಗಳ ಪಾಠದಲ್ಲಿ ತಡವರಿಸುತ್ತಿದ್ದರು. ಹಾದುಹೋಗುತ್ತಿದ್ದ ನಾನು ಒಳಗೆ ಹೋಗಿ, ಅವರ ಕೈಯಿಂದ ಸೀಮೆಸುಣ್ಣವನ್ನು ತೆಗೆದುಕೊಂಡು ಪಾಠವನ್ನು ನಾನೇ ಮುಗಿಸಿದೆನು. ಹುಡುಗರಿಗೆ ಸಂತೋಷವಾಯಿತು, ನನಗೆ ಅದಕ್ಕಿಂತ ಹೆಚ್ಚಿನ ಸಂತೋಷವಾಯಿತು. ಆ ತರುಣರು ಕಿಟಕಿಯ ಬಳಿ ನಿಂತಿದ್ದರು. ಇದು ಒಂದು ಸಲಕ್ಕೆ ನಿಲ್ಲಲಿಲ್ಲ. ಕಡೆಕಡೆಗೆ ಕಷ್ಟದ ಪಾಠ ಬಂದಾಗಲೆಲ್ಲ ಅವರೇ ಹುಡುಗನೊಬ್ಬನನ್ನು ಕಳುಹಿಸಿ ನನ್ನನ್ನು ಕರೆಸುತ್ತಿದ್ದರು. ಅದನ್ನು ನಾನು ಗೌರವವೆಂದು ತಿಳಿದೆನು. ಎರಡು ವರ್ಷಗಳಾದ ಮೇಲೆ ಅವರು ವರ್ಗ ಮಾಡಿಸಿಕೊಂಡು ಹೊರಟರು. ಹೊರಡುವ ದಿನ ನಮಸ್ಕಾರ ಮಾಡಿ, “ತಪ್ಪಿ ತಿದ್ದಿಕೊಳ್ಳುವುದಕ್ಕೆ ಇಲ್ಲಿ ನನಗೆ ಎಡೆಯಾಗಲಿಲ್ಲ, ಸಾರ್” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಅಂದೇ ಮರೆಯುತ್ತಿದ್ದೆನೋ ಏನೋ.

‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬ ಗಾದೆಯು ನಮ್ಮಲ್ಲಿದೆ. ಒಕ್ಕಲುತನಕ್ಕೆ ಅದು ಸಲ್ಲಬಹುದು. ಮುಂದಾಳಾದವನು ಅದನ್ನೇ ಮಂತ್ರವಾಗಿ ಹಿಡಿದರೆ ಅವನ ಸುತ್ತಲಿರುವವರೆಲ್ಲರೂ ಆಳುಗಳಾಗಿಯೇ ಉಳಿಯುತ್ತಾರೆ. ನನ್ನ ಕುಶಲತೆಯೇ ನನ್ನ ತೊಡಕಾಗಿತ್ತು. ತಡವರಿಸದೆ ಹೇಳಬಲ್ಲವನಿಗೆ ತಡವರಿಸುವವನನ್ನು ನೋಡುತ್ತ ಸುಮ್ಮನಿರುವುದು ತಪಸ್ಸಿನಂತೆ ಕಷ್ಟ. ಬಯಲಿನಲ್ಲಿ ನಿಂತ ಆಟಗಾರ–ಮ್ಯಾನೇಜರನಿಗೆ ಈ ಕಷ್ಟವು ಇನ್ನೂ ತೀವ್ರವಾಗಿರಬೇಕು. ತಂಡವು ಸೋಲುತ್ತಿರುವಾಗ, ಹತ್ತು ಹೆಜ್ಜೆಯ ಆಚೆ ತರುಣನೊಬ್ಬನು ಚೆಂಡನ್ನು ಹಿಡಿದು ಅನುಮಾನಿಸುತ್ತಿರುವಾಗ, ಅದನ್ನು ತನ್ನ ಕಾಲಿಗೇ ಕೇಳಬೇಕೆನ್ನಿಸದೆ ಇರುವುದೇ?

ಆ ಮಾತು ಕೇಳಿದ ಮೇಲೆ ನನ್ನ ಹಳೆಯ ಕಾರಕಪಾಠವು ನನಗೆ ಹೊಸದಾಗಿ ಅರ್ಥವಾಯಿತು. ವ್ಯಾಕರಣದಲ್ಲಿ ಕರ್ತೃವಿನ ಲಕ್ಷಣವೇ ಸ್ವಾತಂತ್ರ್ಯ. ಮಾಡಿಸುವವನು ಬಂದಮಾತ್ರಕ್ಕೆ ಮಾಡುವವನು ಕೈಯಲ್ಲಿರುವ ಕೊಡಲಿಯಂತೆ ಬರಿಯ ಕರಣವಾಗುವುದಿಲ್ಲ. ಅವನನ್ನು ಪ್ರಯೋಜ್ಯನೆಂದು ಕರೆದರೂ ಕರ್ತೃವೆಂಬ ಹೆಸರು ಅವನಿಗೆ ಉಳಿದೇ ಇರುತ್ತದೆ. ಮಾಡುವವನ ಸ್ವಾತಂತ್ರ್ಯವು ಅಳಿದ ಕಡೆ ‘ಮಾಡಿಸುವುದು’ ಎಂಬುದು ಇಲ್ಲವೇ ಇಲ್ಲ. ಅಲ್ಲಿರುವುದು ಇನ್ನೊಬ್ಬನ ಕೈಯಿಂದ ತಾನೇ ಮಾಡುವುದು. ನಾನು ಆ ಶಾಲೆಯಲ್ಲಿ ಮಾಡಿದುದು ಅದನ್ನೇ. ಡೀನನು ಮಾಡಿಸಿದುದು ಹಾಗಲ್ಲ; ಹುಡುಗನು ತನ್ನನ್ನು ಮೀರಿ, ತನ್ನ ಸ್ಥಾನದಲ್ಲಿಯೇ ನಿಲ್ಲುವುದನ್ನು ಅವನು ಸಹಿಸಿದನು. ಆದುದರಿಂದ ನಮ್ಮ ಪ್ರಶ್ನೆಗೆ ಉತ್ತರವು ಕೌಶಲದಲ್ಲಿಲ್ಲ. ಮಾಡಬಲ್ಲವನು ಮಾಡಿಸಲೂ ಬಲ್ಲನು; ಆದರೆ ತನ್ನ ಕರ್ತೃತ್ವದ ಸುಖವನ್ನು ಬಿಡಲು ಸಿದ್ಧನಾದಷ್ಟು ಮಟ್ಟಿಗೆ ಮಾತ್ರ.

ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡುತ್ತಾರೆ. ಪರೀಕ್ಷೆಗಾಗಿ ರಂಗಕ್ಕೆ ಬರುವವಳು ಶಿಷ್ಯೆ. ಆಚಾರ್ಯರು ಕುಣಿದು ತೋರಿಸುವುದಿಲ್ಲ. ಮುಂದಾಳುಗಳನ್ನು ಆರಿಸುವ ಸಭೆಸಂಸ್ಥೆಗಳು ಈ ವಿವೇಕವನ್ನು ಮರೆತಿವೆ. ಅವು ಆಚಾರ್ಯನ ಕುಣಿತವನ್ನು ನೋಡಿ ಹುದ್ದೆಯನ್ನು ಕೊಡುತ್ತವೆ. ಇದಕ್ಕಿಂತಲೂ ದೊಡ್ಡ ತಪ್ಪು ಇನ್ನೊಂದಿದೆ. ಮೈಯಲ್ಲಿ ಕಸುವಿರುವತನಕ ಒಬ್ಬನನ್ನು ದುಡಿಸಿಕೊಂಡು, ಆಮೇಲೆ ಅವನ ಹೊಟ್ಟೆಗೆ ಬೇರೆ ದಾರಿಯನ್ನು ಕಾಣಿಸದೆ, ಮುಂದಾಳುತನವನ್ನೇ ಪಿಂಚಣಿಯಂತೆ ಅವನ ಕೈಗಿಡುವುದು. ಅವನು ಗೆದ್ದರೆ ಸರಿ. ಸೋತರೆ ಹುದ್ದೆಯೂ ಇಲ್ಲ, ಹಿಂದಿನ ಕೀರ್ತಿಯೂ ಇಲ್ಲ. ಲಾಟನನ ಮುಂದಿನ ದಿನಗಳು ಸುಖವಾಗಿರಲಿಲ್ಲ. ಪಾನಗೃಹವನ್ನು ನಡೆಸಿದನು, ಬೇರೆ ಉದ್ಯೋಗಗಳನ್ನು ಹಿಡಿದನು, ಸಾಲಕ್ಕೆ ಸಿಕ್ಕಿದನು. 1970ರ ದಶಕದಲ್ಲಿ ಹಣದ ವಿಷಯದಲ್ಲಿ ತಪ್ಪಿ ನ್ಯಾಯಾಲಯದ ಮುಂದೆಯೂ ನಿಲ್ಲಬೇಕಾಯಿತು. ಆ ತಪ್ಪು ಅವನದೇ, ಅದನ್ನು ಮುಚ್ಚುವುದು ಬೇಡ. ಆದರೆ ಅವನ ಕಾಲುಗಳ ಲಾಭವನ್ನು ಉಂಡವರು ಅನೇಕರಿದ್ದರೆಂಬುದನ್ನೂ ಮುಚ್ಚಬಾರದು. 1984ರಿಂದ ನಾಟಿಂಗ್‌ಹ್ಯಾಮಿನ ಒಂದು ಪತ್ರಿಕೆಗೆ ಆಟದ ವಿಷಯವಾಗಿ ಬರೆಯುತ್ತ ಕೊನೆಗಾಲದಲ್ಲಿ ಸ್ವಲ್ಪ ನೆಮ್ಮದಿಯನ್ನು ಕಂಡು, 1996ರಲ್ಲಿ ಅವನು ತೀರಿಕೊಂಡನು.

ನಾನೂ ಈಗ ನಿವೃತ್ತನು. ಸೀಮೆಸುಣ್ಣವನ್ನು ಹಿಂದಕ್ಕೆ ಕೊಡಬೇಕಾಗಿದ್ದ ಆ ತರುಣರು ಈಗ ಎಲ್ಲಿಯೋ ತಾವೇ ಹಿರಿಯರಾಗಿರಬೇಕು. ಅವರ ಶಾಲೆಯಲ್ಲಿ ಹೊಸಬರು ಯಾರಾದರೂ ತಡವರಿಸಿದರೆ ಅವರು ಬಾಗಿಲ ಹೊರಗೆ ನಿಂತು ಕಾಯುತ್ತಾರೆಂದು ನಾನು ನಂಬಿದ್ದೇನೆ. ಅದು ನಿಜವಾಗಿದ್ದರೆ ನನ್ನ ತಪ್ಪಿನಿಂದಲೂ ಒಂದು ಪಾಠವಾಯಿತೆಂದು ತೃಪ್ತಿಪಡುತ್ತೇನೆ. ಆ ಪಾಠವನ್ನು ಹೇಳಿದವನು ಮಾತ್ರ ನಾನಲ್ಲ.