ಸಹವಾಸವೇ ಅಪರಾಧವಾದಾಗ

‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಅಮ್ಮ ಈ ಮಾತು ಹೇಳುವುದು ಮಗ ಹಾಳಾಗದಿರಲಿ ಎಂಬ ಕಾಳಜಿಯಿಂದ. ಸರ್ಕಾರವೂ ಇದೇ ಗಾದೆಯನ್ನು ಹಿಡಿದು ಹೊರಟರೆ? ಅಮ್ಮ ಎಚ್ಚರಿಸಿ ಸುಮ್ಮನಾಗುತ್ತಾಳೆ, ಸರ್ಕಾರ ಜೈಲಿಗೆ ಹಾಕುತ್ತದೆ. ಒಬ್ಬ ಏನು ಮಾಡಿದ ಎನ್ನುವುದಕ್ಕಿಂತ ಯಾರ ಜೊತೆಗಿದ್ದ ಎನ್ನುವುದೇ ಮುಖ್ಯವಾದರೆ ಅದನ್ನು ನ್ಯಾಯ ಎನ್ನಬಹುದೇ?

ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ ಅವರನ್ನು ನೆನಪಿಸಿಕೊಳ್ಳಿ. 2012ರ ಮಾರ್ಚ್‌ನಲ್ಲಿ ಅವರನ್ನೂ ಅವರ ತಂದೆಯನ್ನೂ ನಕ್ಸಲರ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿ. ಕೈಕೋಳ ತೊಟ್ಟು ಪರೀಕ್ಷೆ ಬರೆಯಬೇಕಾಯಿತು. ಪೊಲೀಸರು ಮುಂದಿಟ್ಟ ಸಾಕ್ಷ್ಯಗಳಲ್ಲಿ ಭಗತ್ ಸಿಂಗ್ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಮೂಲಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸೋಣ ಎಂಬ ಪತ್ರ ಸೇರಿದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿತು. ಇಂಥ ಪುಸ್ತಕ ಇಟ್ಟುಕೊಳ್ಳುವುದು, ಪತ್ರಿಕೆ ಓದುವುದು ಅಪರಾಧವಲ್ಲ ಎಂದಿತು. ಇಷ್ಟು ಹೇಳಿಸಿಕೊಳ್ಳಲು ಒಂಬತ್ತು ವರ್ಷ ಬೇಕಾಯಿತು. ಆ ಒಂಬತ್ತು ವರ್ಷಗಳಲ್ಲಿ ರಾಜ್ಯವನ್ನು ಬೇರೆ ಬೇರೆ ಪಕ್ಷಗಳು ಆಳಿದವು.

ನಾನು ಕೆಲಸ ಮಾಡುವ ಕೇರಳದ ಕಥೆಯೂ ಭಿನ್ನವಲ್ಲ. ನವೆಂಬರ್ 1 ಕಳಕ್ಕೂಟಂನ ಕನ್ನಡಿಗರಿಗೆ ರಾಜ್ಯೋತ್ಸವ, ಇಲ್ಲಿನವರಿಗೆ ಕೇರಳಪ್ಪಿರವಿ. 2019ರಲ್ಲಿ ಅದೇ ದಿನ ಕಲ್ಲಿಕೋಟೆಯ ಪಂತೀರಾಂಕಾವಿನಲ್ಲಿ ಅಲನ್ ಶುಹೈಬ್, ತಾಹಾ ಫಸಲ್ ಎಂಬ ಇಬ್ಬರು ವಿದ್ಯಾರ್ಥಿಗಳನ್ನು ಯುಎಪಿಎ ಅಡಿ ಬಂಧಿಸಿದರು. ಇಬ್ಬರೂ ಆಗ ಆಳುತ್ತಿದ್ದ ಸಿಪಿಎಂ ಪಕ್ಷದವರೇ. ಎರಡು ವರ್ಷಗಳ ನಂತರ ಅವರ ಜಾಮೀನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ನಿಷೇಧಿತ ಸಂಘಟನೆಯೊಂದಿಗೆ ಬರೀ ನಂಟಿದ್ದರೆ ಸಾಲದು, ಅದರ ಕೃತ್ಯಗಳನ್ನು ಮುಂದುವರಿಸುವ ಉದ್ದೇಶವೂ ಇರಬೇಕು ಎಂದಿತು. ಪ್ರಕರಣದ ಅಂತಿಮ ತೀರ್ಪು ಅದಲ್ಲ, ಆದರೆ ತತ್ವವಾಗಿ ದೊಡ್ಡ ಮಾತು.

ಎದುರು ವಾದವನ್ನೂ ಕೇಳಬೇಕು. ಬಂದೂಕು ಹಿಡಿದ ಗುಂಪಿಗೆ ಸದಸ್ಯನೇ ಬಲವಲ್ಲವೇ? ಸದಸ್ಯತ್ವವೊಂದೇ ಅಪರಾಧವಾಗದು ಎಂದು ಅರೂಪ್ ಭುಯಾನ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ನಿಷೇಧವಾದದ್ದು ತಿಳಿದೂ ಸದಸ್ಯನಾಗಿ ಉಳಿದರೆ ಅದೇ ಅಪರಾಧ ಎಂಬುದು ಈಗಿನ ಕಾನೂನು. ವಾದದಲ್ಲಿ ತಿರುಳಿಲ್ಲದಿಲ್ಲ. ಆದರೆ ಇಂಥ ಸಂಘಟನೆಗಳು ಸದಸ್ಯರಿಗೆ ರಸೀದಿ ಕೊಡುವುದಿಲ್ಲ. ಸದಸ್ಯತ್ವವನ್ನು ಕಪಾಟಿನ ಪುಸ್ತಕದಿಂದ, ಫೋನ್ ಕರೆಗಳಿಂದ, ಗೆಳೆಯರ ಪಟ್ಟಿಯಿಂದ ಊಹಿಸಬೇಕಾಗುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಏನಾದರೂ ಕೆಟ್ಟರೆ ಆ ಬದಲಾವಣೆ ಮಾಡಿದವರು ಯಾರು ಎಂದು ಲಾಗ್ ನೋಡುತ್ತೇವೆ. ಲಾಗಿನ್ ಇದ್ದವರೆಲ್ಲರನ್ನೂ ತಪ್ಪಿತಸ್ಥರೆನ್ನುವುದಿಲ್ಲ. ಒಂದು ಪ್ರೋಗ್ರಾಮಿಗೆ ಇರುವ ಈ ಎಚ್ಚರ ಮನುಷ್ಯನ ಬದುಕಿಗೆ ಬೇಡವೇ?

ಮಾನವ ಹಕ್ಕುಗಳ ಕಾರ್ಯಕರ್ತರ ವಿಷಯದಲ್ಲಿ ಈ ಗಾದೆ ಪೂರ್ತಿ ತಲೆಕೆಳಗಾಗುತ್ತದೆ. ಊರು ದೂರವಿಟ್ಟವರ ಸಹವಾಸವೇ ಅವರ ಕೆಲಸ. ಜೈಲಿನಲ್ಲಿರುವವನ ಪರ ನಿಲ್ಲಬೇಕಾದರೆ ಅವನನ್ನು ಕಾಣಬೇಕು, ಅವನ ಮನೆಯವರ ಜೊತೆ ಮಾತಾಡಬೇಕು. ರೋಗಿಯನ್ನು ಮುಟ್ಟಿದ್ದೇ ವೈದ್ಯನ ತಪ್ಪು ಎಂದರೆ ಆಸ್ಪತ್ರೆ ನಡೆಯುವುದು ಹೇಗೆ? ಕೇರಳದ ಕೊಲ್ಲಂ ಕಡೆಯ ರೋನಾ ವಿಲ್ಸನ್ ರಾಜಕೀಯ ಕೈದಿಗಳ ಬಿಡುಗಡೆಗಾಗಿ ದುಡಿಯುತ್ತಿದ್ದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2018ರ ಜೂನ್‌ನಲ್ಲಿ ಬಂಧನವಾಯಿತು. ಅವರ ಲ್ಯಾಪ್‌ಟಾಪಿಗೆ ಹೊರಗಿನಿಂದ ಕಡತಗಳನ್ನು ತೂರಿಸಲಾಗಿತ್ತು ಎಂದು ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಅಮೆರಿಕದ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ಜಾಮೀನು ಸಿಕ್ಕಿದ್ದು 2025ರ ಜನವರಿಯಲ್ಲಿ, ವಿಚಾರಣೆ ಶುರುವಾಗುವ ಮೊದಲೇ ಆರೂವರೆ ವರ್ಷ ಕಳೆದ ಮೇಲೆ. ಹಿಂದೊಮ್ಮೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ್ದ ಸ್ಟ್ಯಾನ್ ಸ್ವಾಮಿ ಅದೇ ಪ್ರಕರಣದ ಆರೋಪಿಯಾಗಿ, ಜಾಮೀನಿಲ್ಲದೆ, 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ ತೀರಿಕೊಂಡರು.

‘ನಮಗ್ಯಾಕೆ ಊರ ಉಸಾಬರಿ’ ಎನ್ನುವುದು ಸುಲಭ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಅದನ್ನು ರದ್ದು ಮಾಡುವ ಅಗತ್ಯವೇ ಇಲ್ಲ. ಸೇರುವವರಿಗೆ ಹೆದರಿಕೆ ಹುಟ್ಟಿಸಿದರೆ ಸಾಕು. ಕುತ್ಲೂರಿನಂಥ ಊರಿಗೆ ರಸ್ತೆ ಬೇಕೆಂದು ಒಬ್ಬನೇ ಬರೆದ ಅರ್ಜಿ ಕಡತದೊಳಗೇ ಉಳಿಯುತ್ತದೆ. ನೂರು ಜನ ಸೇರಿ ಕೇಳಿದರೆ ಯಾರಾದರೂ ತಿರುಗಿ ನೋಡಿಯಾರು. ದುಡ್ಡು, ಅಧಿಕಾರ ಇಲ್ಲದವರಿಗೆ ಇರುವ ಆಸ್ತಿ ಜೊತೆಗಾರರೊಬ್ಬರೇ. ಸಹವಾಸವನ್ನೇ ದೋಷವೆಂದರೆ ಮೊದಲು ಬರಿಗೈಯಾಗುವವರು ಅವರೇ.

ಮುಂದೆ ಯಾರದೋ ಬಂಧನದ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾವೂ ತೀರ್ಪು ಕೊಡುವವರೇ. ಆಗ ‘ಅವನು ಯಾರ ಕಡೆಯವನು’ ಎಂದು ಕೇಳುವ ಮೊದಲು ‘ಅವನು ಮಾಡಿದ್ದೇನು’ ಎಂದು ಕೇಳೋಣ.