ಕೆತ್ತನೆಯ ಧೂಳು ಯಾರ ಹೊಣೆ?

ಕುಶಲಕರ್ಮಿಗಳ ಬಗ್ಗೆ ನಾವು ಅಭಿಮಾನದಿಂದ ಮಾತನಾಡುತ್ತೇವೆ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ, ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ, ಚನ್ನಪಟ್ಟಣದ ಗೊಂಬೆ ಎಲ್ಲವೂ ನಾಡಿನ ಹೆಮ್ಮೆ ಎನ್ನುವಾಗ ನಮ್ಮ ಕಣ್ಣ ಮುಂದಿರುವುದು ಮುಗಿದ ವಸ್ತು. ಅದು ಮುಗಿಯುವ ಮೊದಲು ಅದರಿಂದ ಕಳಚಿಹೋದ ಮರ ಎಲ್ಲಿಗೆ ಹೋಯಿತೆಂದು ನಾವು ಕೇಳುವುದಿಲ್ಲ. ಒಂದಷ್ಟು ಸಿಪ್ಪೆಯಾಗಿ ಒಲೆಗೆ ಹೋಯಿತು, ಒಂದಷ್ಟು ಹೊಟ್ಟಾಗಿ ಚೀಲ ಸೇರಿತು. ಉಳಿದದ್ದು ನುಣ್ಣನೆಯ ಧೂಳಾಗಿ ಕೆಲಸಗಾರನ ಮತ್ತು ಅವನ ಮನೆಯವರ ಎದೆಗೂಡಿಗೆ ಇಳಿಯಿತು.

ಇದನ್ನು ಬರೀ ಆರೋಗ್ಯದ ವಿಷಯವೆಂದು ಬದಿಗಿಡುವಂತಿಲ್ಲ. ಒಬ್ಬರ ಮನೆಯ ಅಂದಕ್ಕಾಗಿ ಇನ್ನೊಬ್ಬರ ಉಸಿರು ಸವೆಯುತ್ತಿದ್ದರೆ ಅಲ್ಲಿ ನ್ಯಾಯದ ಪ್ರಶ್ನೆಯೂ ಇದೆ.

ಮೊದಲು ವಾಸ್ತವವನ್ನು ನೋಡೋಣ. ಉಳಿಯಿಂದ ಕೆತ್ತಿದಾಗ ಬೀಳುವ ಸಿಪ್ಪೆ ಭಾರವಾದದ್ದು; ನೆಲಕ್ಕೆ ಬೀಳುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದಾಗ, ಅದಕ್ಕಿಂತ ಹೆಚ್ಚಾಗಿ ಕರೆಂಟಿನ ಯಂತ್ರದಲ್ಲಿ ಉಜ್ಜಿದಾಗ, ಏಳುವ ಧೂಳು ಹಾಗಲ್ಲ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಧೂಳಿನಲ್ಲಿ 10 ಮೈಕ್ರಾನಿಗಿಂತ ಚಿಕ್ಕ ಕಣಗಳಿರುತ್ತವೆ. ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಮೂಗಿನ ರೋಮಗಳನ್ನು ದಾಟಿ ಒಳಗಿಳಿಯುತ್ತವೆ. ಬೀಟೆಯಂತಹ ಮರಗಳ ಧೂಳಿನಿಂದ ಕೆಲವರಿಗೆ ಚರ್ಮದ ತುರಿಕೆ ಶುರುವಾಗುತ್ತದೆ. ಮರದ ಧೂಳಿನಿಂದ ಅಸ್ತಮಾ ಹತ್ತಿಕೊಳ್ಳುವುದೂ ಉಂಟು.

ಇಂಗ್ಲೆಂಡಿನ ಹೈ ವೈಕಂಬ್ ಎಂಬ ಊರು ಕುರ್ಚಿ, ಮೇಜುಗಳ ತಯಾರಿಕೆಗೆ ಹೆಸರಾಗಿತ್ತು. ಅಲ್ಲಿನ ಮರಗೆಲಸದವರಲ್ಲಿ ಮೂಗಿನ ಒಳಭಾಗದ ಒಂದು ಅಪರೂಪದ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಧೂಳು ಕುಡಿದವರಿಗೆಲ್ಲ ಈ ರೋಗ ಬರುವುದಿಲ್ಲ. ಬರುವವರಿಗೆ ಹತ್ತಾರು ವರ್ಷಗಳ ನಂತರ ಬರುತ್ತದೆ. ಇಲ್ಲಿನ ನೈತಿಕ ತೊಡಕು ಹುಟ್ಟುವುದೇ ಈ ವಿಳಂಬದಿಂದ. ಬೆರಳು ಕೊಯ್ದುಕೊಂಡರೆ ರಕ್ತ ಸಾಕ್ಷಿ ಹೇಳುತ್ತದೆ. ಮೂವತ್ತು ವರ್ಷದ ಹಿಂದಿನ ಧೂಳಿಗೆ ಸಾಕ್ಷಿ ಹೇಳುವವರು ಯಾರು? ತೋರಿಸಲು ಗಾಯವಿಲ್ಲದಿದ್ದರೆ ಹೊಣೆ ಹೊರುವವರೂ ಸಿಗುವುದಿಲ್ಲ.

"ನನ್ನ ದೇಹ, ನನ್ನ ಕಸುಬು, ಕಷ್ಟವೂ ನನ್ನದೇ" ಎಂದು ಕೆಲಸಗಾರ ಹೇಳಬಹುದು. ಆ ಮಾತಿನಲ್ಲಿ ಸ್ವಾಭಿಮಾನವಿದೆ, ಅದನ್ನು ನಾವು ಗೌರವಿಸಬೇಕು. ಆದರೆ ಅದು ಪೂರ್ತಿ ನಿಜವೇ? ಅವನ ಕಾರ್ಯಾಗಾರ ಎಂದರೆ ಮನೆಯ ಜಗುಲಿ ಅಥವಾ ಪಡಸಾಲೆ. ಪಕ್ಕದಲ್ಲೇ ಒಲೆ, ಆಚೆ ತೊಟ್ಟಿಲು. ಎಷ್ಟೋ ಮನೆಗಳಲ್ಲಿ ಉಜ್ಜುವ, ನುಣುಪು ಮಾಡುವ ಕೆಲಸ ಹೆಂಗಸರದ್ದು. ಸಂಜೆ ಕಸ ಗುಡಿಸುವುದೂ ಅವರದ್ದೇ. ಒಣ ಪೊರಕೆ ಆಡಿಸಿದಾಗ ನೆಲಕ್ಕಿಳಿದಿದ್ದ ಧೂಳು ಮತ್ತೆ ಗಾಳಿಗೆ ಏರುತ್ತದೆ. ಮಗು ಈ ಕಸುಬನ್ನು ಆರಿಸಿಕೊಂಡಿಲ್ಲ, ಕೂಲಿಯನ್ನೂ ಪಡೆಯುತ್ತಿಲ್ಲ. ತನ್ನ ಪಾಲಿನ ಅಪಾಯವನ್ನು ಒಪ್ಪಿಕೊಳ್ಳಲು ಮನುಷ್ಯನಿಗೆ ಹಕ್ಕಿರಬಹುದು, ಬೇರೆಯವರ ಪರವಾಗಿ ಒಪ್ಪಿಕೊಳ್ಳಲು ಇಲ್ಲ. ಅವನ ಒಪ್ಪಿಗೆಯಾದರೂ ಎಷ್ಟು ಸ್ವತಂತ್ರವಾದದ್ದು? ನಾಳೆಯ ಅಕ್ಕಿಗೆ ಇಂದಿನ ದುಡಿಮೆಯನ್ನೇ ನಂಬಿದವನ "ಹೂಂ" ಎಂಬ ಮಾತನ್ನು ಆಯ್ಕೆ ಎನ್ನುವುದು ಕಷ್ಟ.

ಇನ್ನೊಂದು ಸಂಗತಿಯನ್ನು ಗಮನಿಸಿ. ಗಂಧದ ಕೆತ್ತನೆಯಲ್ಲಿ ಪುಡಿಯನ್ನು ಯಾರೂ ಹಾರಿಹೋಗಲು ಬಿಡುವುದಿಲ್ಲ. ಊದುಬತ್ತಿಗೆ, ಧೂಪಕ್ಕೆ ಅದಕ್ಕೆ ಬೆಲೆಯಿದೆ. ಆದ್ದರಿಂದ ಚೂರು ಚೂರನ್ನೂ ಕೂಡಿಡುತ್ತಾರೆ. ಬೀಟೆಯ ಧೂಳಿಗೆ, ಶಿವನಿ ಮರದ ಧೂಳಿಗೆ ಅಂತಹ ಬೆಲೆಯಿಲ್ಲ, ಹಾಗಾಗಿ ಅದು ಎಲ್ಲಿಗೆ ಬೇಕಾದರೂ ಹೋಗಬಹುದು! ಧೂಳನ್ನು ಹಿಡಿಯುವುದು ನಮಗೆ ಅಸಾಧ್ಯವೇನಲ್ಲ ಎಂಬುದಕ್ಕೆ ಗಂಧವೇ ಪುರಾವೆ. ಧೂಳಿಗೆ ಬೆಲೆಯಿದ್ದಾಗ ಹಿಡಿಯುವ ನಾವು, ಉಸಿರಿಗೆ ಬೆಲೆಯಿದೆ ಎಂಬ ಕಾರಣಕ್ಕೆ ಹಿಡಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಧೂಳನ್ನು ಅದು ಹುಟ್ಟುವ ಜಾಗದ ಆದಷ್ಟು ಹತ್ತಿರದಲ್ಲೇ ಹೀರಿ ತೆಗೆಯಬೇಕು, ಆ ಜಾಗವನ್ನು ಆದಷ್ಟು ಮುಚ್ಚಿರಬೇಕು ಎಂದಿತ್ತು. ಒಳ್ಳೆಯ ಮಾತು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆ ಎನಿಸಲು ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕೆಲಸಗಾರರು ಬೇಕಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಗಂಡ, ಹೆಂಡತಿ, ಒಬ್ಬ ಮಗ ದುಡಿಯುವ ಪಡಸಾಲೆ ಆಗಲೂ ಹೊರಗಿತ್ತು, ಈಗಲೂ ಹೊರಗಿದೆ. ಕಾನೂನಿನ ಕೈ ಮುಟ್ಟದ ಕಡೆ ಕರ್ತವ್ಯವೂ ಮುಗಿಯಿತು ಎನ್ನುವಂತಿಲ್ಲ. ಅಲ್ಲಿ ಅದು ನಮ್ಮೆಲ್ಲರ ಪಾಲಿಗೆ ಬರುತ್ತದೆ.

ಪರಿಹಾರ ದೊಡ್ಡ ಬಂಡವಾಳವನ್ನೇನೂ ಬೇಡುವುದಿಲ್ಲ, ಕ್ರಮವನ್ನು ಬೇಡುತ್ತದೆ. ಧೂಳನ್ನು ಹುಟ್ಟುವಲ್ಲೇ ತಡೆಯುವುದು ಮೊದಲು: ಉಳಿಯಿಂದ ಆಗುವಷ್ಟನ್ನು ಉಳಿಯಿಂದಲೇ ಮುಗಿಸುವುದು, ಯಂತ್ರಕ್ಕೆ ಹೀರುಕೊಳವೆ ಜೋಡಿಸುವುದು, ಆಗುವ ಕಡೆ ಒದ್ದೆ ಮಾಡಿ ಉಜ್ಜುವುದು. ಹುಟ್ಟಿದ ಧೂಳು ಮುಖದತ್ತ ಬರದಂತೆ ನೋಡಿಕೊಳ್ಳುವುದು ಎರಡನೆಯದು. ತಲೆಯ ಮೇಲಿನ ಫ್ಯಾನು ಧೂಳನ್ನು ಮನೆಯಿಡೀ ಹಂಚುತ್ತದೆ, ಅಷ್ಟೆ. ಗಾಳಿ ಪಕ್ಕದಿಂದ ಹಾದು ಹೊರಹೋಗುವಂತೆ ಕಿಟಕಿಗೆ ಹೊರದೂಡುವ ಫ್ಯಾನು ಬೇಕು. ಇಕ್ಕಟ್ಟಿನ ಮೊಹಲ್ಲಾಗಳಲ್ಲಿ ನಮ್ಮ ಕಿಟಕಿ ಪಕ್ಕದವರ ಅಡುಗೆಮನೆಗೆ ಎದುರಾಗಿರುತ್ತದೆ, ಆದ್ದರಿಂದ ಮೊದಲು ಸೋಸಿ ಆಮೇಲೆ ಬಿಡಬೇಕು. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊನೆಯದು ಮುಖಗವಸು. ಮೂಗಿಗೆ ಕಟ್ಟಿದ ಟವೆಲು, ಸೆರಗು ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. 2020ರ ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮುಖಕ್ಕೆ ಸರಿಯಾಗಿ ಕೂತರೆ ತಡೆಯುತ್ತದೆ. ಆದರೆ ಮುಖಗವಸನ್ನೇ ಮೊದಲ ಪರಿಹಾರವೆಂದು ಕೈಗಿಟ್ಟು ಹೊರಟುಬಿಡುವುದು ಹೊಣೆಯನ್ನು ಮತ್ತೆ ಕೆಲಸಗಾರನ ಮುಖಕ್ಕೇ ಕಟ್ಟಿದಂತೆ.

ಇದರ ಖರ್ಚು ಯಾರದ್ದು? ಅಂಗಡಿಯಲ್ಲಿ ನಾವು ಚೌಕಾಸಿ ಮಾಡಿ ಇಳಿಸುವ ಇನ್ನೂರು ರೂಪಾಯಿ ವ್ಯಾಪಾರಿಯ ಲಾಭದಿಂದ ಕಳೆಯುವುದು ಅಪರೂಪ. ಕೊನೆಗೆ ಅದು ಕುಶಲಕರ್ಮಿಯ ಕೂಲಿಯಿಂದ, ಅವನು ಕೊಳ್ಳಬಹುದಾಗಿದ್ದ ಫ್ಯಾನಿನಿಂದ ಕಳೆಯುತ್ತದೆ. ವರ್ಷವಿಡೀ ಒಂದೇ ಮನೆಯಿಂದ ಮಾಲು ಎತ್ತುವ ವ್ಯಾಪಾರಿಗೆ ಆ ಮನೆಯ ಗಾಳಿಯ ಮೇಲೂ ಹೊಣೆಯಿದೆ. ಸರಕಾರಕ್ಕೂ ಇದೆ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿಗಳು, ಗೊಂಬೆ ತಯಾರಕರು ಸೇರಿದಂತೆ 18 ಕಸುಬಿನವರಿಗೆ ಉಪಕರಣಗಳಿಗಾಗಿ 15,000 ರೂಪಾಯಿ ನೆರವನ್ನು ಇಟ್ಟಿದೆ. ಮರವನ್ನು ಕಡಿಯುವುದು ಉಪಕರಣವಾದರೆ ಅದರ ಧೂಳನ್ನು ಹಿಡಿಯುವುದೂ ಉಪಕರಣವೇ. ಕುಶಲಕರ್ಮಿಗಳ ಸಂಘಗಳು ಇದನ್ನು ಹಕ್ಕಾಗಿ ಕೇಳಬೇಕು.

ಮುನ್ನೂರು ವರ್ಷಗಳ ಹಿಂದೆ ಇಟಲಿಯ ವೈದ್ಯ ರಾಮಾಜಿನಿ, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆಗೆ "ನಿಮ್ಮ ಕಸುಬು ಯಾವುದು?" ಎಂಬುದನ್ನೂ ಸೇರಿಸಬೇಕೆಂದು ತನ್ನ ಜೊತೆಗಾರರಿಗೆ ಹೇಳಿದ್ದ. ಕೊಳ್ಳುವ ನಾವೂ ಅಂಥದೇ ಒಂದು ಪ್ರಶ್ನೆಯನ್ನು ರೂಢಿ ಮಾಡಿಕೊಳ್ಳಬಹುದು. ಬೆಲೆ ಎಷ್ಟು, ಮರ ಯಾವುದು ಎಂದು ಕೇಳಿದ ಮೇಲೆ, ಇದನ್ನು ಎಲ್ಲಿ ಕೂತು ಮಾಡಿದರು, ಅಲ್ಲಿಯ ಗಾಳಿ ಹೇಗಿದೆ ಎಂದೂ ಕೇಳೋಣ. ಅಂಗಡಿಯವನು ಮೊದಲ ಸಲ ನಕ್ಕಾನು. ಹತ್ತು ಜನ ಕೇಳಿದರೆ ಅವನೂ ಹೋಗಿ ನೋಡಿ ಬಂದಾನು.